ತಾಳ ತಪ್ಪಿದ್ದು ಯಾರು? ಮನೆಯ ಸಂಗೀತಕ್ಕೆ ಆಡಿಯೋ ಇಂಟರ್‌ಫೇಸ್ ಆರಿಸುವ ಬಗೆ

ಕಳೆದ ವರ್ಷ ರಾಜ್ಯೋತ್ಸವಕ್ಕೆ ಹಳೇ ಹಾಡಿನ ಕರೋಕೆ ಬೇಡ, ನಮ್ಮದೇ ಒಂದು ಹಾಡು ಮಾಡೋಣ ಅಂತ ಸಂಘದಲ್ಲಿ ತೀರ್ಮಾನ ಆಯ್ತು. ಸಾಹಿತ್ಯ ನಮ್ಮ ಗೆಳೆಯರದ್ದು, ರಾಗ ನನ್ನದು, ಹಾಡೋದು ನನ್ನ ಸಹಪಾಠಿ. ಅವಳು ಶಿವಮೊಗ್ಗದಲ್ಲಿ ಹತ್ತು ವರ್ಷ ಕರ್ನಾಟಕ ಸಂಗೀತ ಕಲಿತವಳು. ಸ್ಟುಡಿಯೋ ಅಂದ್ರೆ ಜರ್ಮನಿಯ ಈ ಊರಿನಲ್ಲಿರುವ ನನ್ನ ಹಾಸ್ಟೆಲ್ ಕೋಣೆ: ಹದಿನಾಲ್ಕು ಚದರ ಮೀಟರ್, ಒಂದು ಮಂಚ, ಒಂದು ಮೇಜು, ಒಂದು ಲ್ಯಾಪ್‌ಟಾಪ್. ಇಲ್ಲಿ ರಾತ್ರಿ ಹತ್ತಾದ ಮೇಲೆ ಸದ್ದು ಮಾಡುವ ಹಾಗಿಲ್ಲ. ಹಾಗಾಗಿ ಕ್ಲಾಸು, ಲ್ಯಾಬು ಎಲ್ಲ ಮುಗಿಸಿ ಎಂಟರಿಂದ ಹತ್ತರವರೆಗೆ ಮಾತ್ರ ನಮ್ಮ ರೆಕಾರ್ಡಿಂಗ್.

ಮೂರು ಸಂಜೆ ಹಾಡಿಸಿದೆವು. ಮೂರೂ ಸಂಜೆ ಅದೇ ಕಥೆ. ಹಾಡುವಾಗ ಚೆನ್ನಾಗೇ ಇರ್ತಿತ್ತು, ಪ್ಲೇ ಮಾಡಿ ಕೇಳಿದರೆ ಪಲ್ಲವಿಯಿಂದಲೇ ತಾಳ ಹಿಂದೆ ಬಿದ್ದಿರ್ತಿತ್ತು. ಮೂರನೇ ದಿನ ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟು, "ಬಿಡೋ, ಇಲ್ಲಿಗೆ ಬಂದ್ಮೇಲೆ ಅಭ್ಯಾಸ ಬಿಟ್ಟು ನಂಗೆ ಲಯಾನೇ ಹೋಗಿದೆ. ಬೇರೆ ಯಾರ ಕೈಲಾದ್ರೂ ಹಾಡಿಸು" ಅಂದಳು. ನಾನು ಸುಮ್ಮನಿದ್ದೆ. ಸತ್ಯ ಹೇಳಬೇಕಂದ್ರೆ ನನಗೂ ಹಾಗೇ ಅನ್ನಿಸಿತ್ತು.

ಎರಡು ದಿನ ಆದ್ಮೇಲೆ, ಲ್ಯಾಬ್‌ನಲ್ಲಿ ಯಾವುದೋ ಸಿಗ್ನಲ್‌ನ ವಿಳಂಬ ಅಳೆಯುತ್ತಾ ಕೂತಿದ್ದಾಗ ತಲೆಗೆ ಹೊಳೆಯಿತು. ಕೋಣೆಗೆ ಬಂದವನೇ ಹೆಡ್‌ಫೋನನ್ನು ಮೈಕಿಗೆ ಒತ್ತಿಟ್ಟು, ಬರೀ ಕ್ಲಿಕ್ ಟ್ರ್ಯಾಕ್ ಪ್ಲೇ ಮಾಡಿ ಅದನ್ನೇ ರೆಕಾರ್ಡ್ ಮಾಡಿದೆ. ಪರದೆ ಮೇಲೆ ಎರಡು ಕ್ಲಿಕ್‌ಗಳ ನಡುವಿನ ಅಂತರ ಸುಮಾರು 210 ಮಿಲಿಸೆಕೆಂಡ್. ನಮ್ಮ ಹಾಡಿನ ವೇಗ ನಿಮಿಷಕ್ಕೆ 80 ಬೀಟ್, ಅಂದ್ರೆ ಒಂದು ಬೀಟ್‌ಗೆ 750 ಮಿಲಿಸೆಕೆಂಡ್. ಚತುರಶ್ರ ನಡೆಯಲ್ಲಿ ಅದರ ಕಾಲು ಭಾಗ 187.5. ನನ್ನ ಬ್ಲೂಟೂತ್ ಹೆಡ್‌ಫೋನ್ ಅದಕ್ಕಿಂತಲೂ ಹೆಚ್ಚು ತಡವಾಗಿ ಅವಳಿಗೆ ಹಾಡು ಕೇಳಿಸುತ್ತಿತ್ತು! ಅವಳ ಟ್ರ್ಯಾಕನ್ನು ಅಷ್ಟು ಎಡಕ್ಕೆ ಎಳೆದು ಪ್ಲೇ ಒತ್ತಿದೆ. ಪ್ರತಿ ಅಕ್ಷರವೂ ತಾಳದ ಮೇಲೆ ಕೂತಿತ್ತು. ತಡವಾಗಿ ಕೇಳಿಸಿದ ತಾಳಕ್ಕೆ ಅವಳು ಅಚ್ಚುಕಟ್ಟಾಗಿ ಹಾಡಿದ್ದಳು. ನಾಲ್ಕು ವರ್ಷ ಇ ಆಂಡ್ ಸಿ ಓದಿ, ಸಿಗ್ನಲ್ಸ್ ಆಂಡ್ ಸಿಸ್ಟಮ್ಸ್ ಪಾಸು ಮಾಡಿದ ನನಗೆ ಇದು ಮೊದಲೇ ಹೊಳೆಯಲಿಲ್ಲವಲ್ಲ ಅಂತ ನಾಚಿಕೆ ಆಯ್ತು. ಆ ರಾತ್ರಿಯೇ ಅವಳಿಗೆ ಆಡಿಯೋ ಕಳಿಸಿ ಕ್ಷಮೆ ಕೇಳಿದೆ.

ಆಮೇಲೆ ಆಡಿಯೋ ಇಂಟರ್‌ಫೇಸ್ ಹುಡುಕೋಕೆ ಶುರು ಮಾಡಿದೆ. ಅದರಲ್ಲೂ ಒಂದು ಸಲ ದುಡ್ಡು ಕಳೆದುಕೊಂಡೆ. ನಿಮ್ಮಲ್ಲಿ ಹಲವರು ಮನೆಯಲ್ಲೇ ಹಾಡು ಕಟ್ಟುತ್ತೀರಿ, ಕವರ್ ಹಾಡುತ್ತೀರಿ, ಊರಿನ ಗುರುಗಳ ಹತ್ತಿರ ಆನ್‌ಲೈನ್ ಪಾಠ ಕಲಿಯುತ್ತೀರಿ ಅಂತ ಗೊತ್ತು. ಅದಕ್ಕೇ ಈ ಬರಹ.

ಈ ಪೆಟ್ಟಿಗೆ ಮಾಡುವ ಕೆಲಸ

ಗಂಟಲಿನಿಂದ ಹೊರಟ ಧ್ವನಿ ಮೈಕಿನಲ್ಲಿ ಬಹಳ ಸಣ್ಣ ವೋಲ್ಟೇಜ್ ಆಗುತ್ತದೆ. ಅದನ್ನು ಗದ್ದಲ ಸೇರಿಸದೆ ಹಿಗ್ಗಿಸಬೇಕು, ಇದು ಪ್ರೀಆಂಪ್‌ನ ಕೆಲಸ. ಆಮೇಲೆ ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು ಸಂಖ್ಯೆಗಳನ್ನಾಗಿ ಮಾಡಿ, ಯುಎಸ್‌ಬಿ ಮೂಲಕ ಕಂಪ್ಯೂಟರಿಗೆ ಕಳಿಸಬೇಕು. ಅಲ್ಲಿಂದ ವಾಪಸ್ ಬಂದ ಸಂಖ್ಯೆಗಳನ್ನು ಮತ್ತೆ ವೋಲ್ಟೇಜ್ ಮಾಡಿ ಹೆಡ್‌ಫೋನಿಗೆ, ಸ್ಪೀಕರಿಗೆ ಕೊಡಬೇಕು. ಲ್ಯಾಪ್‌ಟಾಪ್ ಒಳಗಿನ ಸೌಂಡ್ ಚಿಪ್ ಕೂಡ ಇದನ್ನೇ ಮಾಡುತ್ತೆ. ಆದ್ರೆ ಅದು ಮೀಟಿಂಗಿಗೆ, ಸಿನಿಮಾಗೆ ಅಂತ ಮಾಡಿದ್ದು. ಒಳ್ಳೆ ಮೈಕ್ ಜೋಡಿಸೋಕೆ ಅದರಲ್ಲಿ ಜಾಗವೇ ಇಲ್ಲ.

ಇಲ್ಲಿ ಒಂದು ಮಾತು, ನಿಮ್ಮ ದುಡ್ಡು ಉಳಿಸಬಹುದು. ನೀವು ಹಾಡೋದಿಲ್ಲ, ವಾದ್ಯ ನುಡಿಸಿ ರೆಕಾರ್ಡ್ ಮಾಡೋದಿಲ್ಲ, ಮಿಡಿ ಕೀಬೋರ್ಡ್ ಮತ್ತು ಸಾಫ್ಟ್‌ವೇರ್ ವಾದ್ಯಗಳಲ್ಲೇ ಸಂಗೀತ ಕಟ್ಟುತ್ತೀರಿ ಅಂದ್ರೆ ಸದ್ಯಕ್ಕೆ ಇಂಟರ್‌ಫೇಸ್ ಬೇಡವೇ ಬೇಡ. ಈಗಿನ ಮಿಡಿ ಕೀಬೋರ್ಡ್ ನೇರವಾಗಿ ಯುಎಸ್‌ಬಿಗೆ ಸೇರುತ್ತೆ. ಅದು ಕಳಿಸೋದು ಧ್ವನಿಯನ್ನಲ್ಲ, ಯಾವ ಕೀ ಎಷ್ಟು ಜೋರಾಗಿ ಒತ್ತಿದಿರಿ ಅನ್ನುವ ಸುದ್ದಿಯನ್ನು ಮಾತ್ರ. ಒಂದು ತಂತಿಯ ಹೆಡ್‌ಫೋನ್ ಸಾಕು. ಮ್ಯಾಕ್ ಇದ್ದರಂತೂ ಏನೂ ತೊಂದರೆ ಇಲ್ಲ. ಉಳಿದ ದುಡ್ಡಲ್ಲಿ ಹೆಡ್‌ಫೋನೇ ಚೆನ್ನಾಗಿರೋದು ತಗೊಳ್ಳಿ. ಊರಿಂದ ತಂದ ಹಳೇ ಕೀಬೋರ್ಡಿನಲ್ಲಿ ಐದು ಪಿನ್ನಿನ ದುಂಡು ಮಿಡಿ ಸಾಕೆಟ್ ಮಾತ್ರ ಇದ್ದರೆ, ಆಗ ಆ ಸಾಕೆಟ್ ಇರುವ ಇಂಟರ್‌ಫೇಸ್ ಹುಡುಕಬೇಕಾಗುತ್ತೆ. ಎಲ್ಲ ಚಿಕ್ಕ ಮಾಡೆಲ್‌ಗಳಲ್ಲೂ ಅದು ಇರಲ್ಲ, ನೋಡಿಕೊಂಡು ಕೊಳ್ಳಿ.

ತಡ ಎಲ್ಲಿಂದ ಬರುತ್ತೆ?

ಇದೇ ಈ ಬರಹದ ಹೃದಯ, ಸ್ವಲ್ಪ ತಾಳ್ಮೆಯಿಂದ ಓದಿ. ಕಂಪ್ಯೂಟರ್ ಒಂದೊಂದೇ ಸ್ಯಾಂಪಲ್ ಬಂದ ಹಾಗೆ ಕೆಲಸ ಮಾಡಲ್ಲ. ಬಿಂದಿಗೆ ತುಂಬಿದ ಮೇಲೆ ಹೊತ್ತುಕೊಂಡು ಹೋದ ಹಾಗೆ, ಒಂದಷ್ಟು ಸ್ಯಾಂಪಲ್ ಸೇರಿದ ಮೇಲೆ ಒಟ್ಟಿಗೆ ಒಯ್ಯುತ್ತೆ. ಆ ಬಿಂದಿಗೆಯೇ ಬಫರ್. 48,000 ದರದಲ್ಲಿ 128 ಸ್ಯಾಂಪಲ್‌ಗಳ ಬಫರ್ ತುಂಬೋಕೆ 2.7 ಮಿಲಿಸೆಕೆಂಡ್ ಬೇಕು. 256 ಆದರೆ 5.3, 1024 ಆದರೆ 21.3. ಒಳಗೆ ಬರೋಕೆ ಒಂದು ಬಿಂದಿಗೆ, ಹೊರಗೆ ಹೋಗೋಕೆ ಇನ್ನೊಂದು, ಹಾಗಾಗಿ ಎರಡರಿಂದ ಗುಣಿಸಿ. ಅದರ ಮೇಲೆ ಪರಿವರ್ತಕಗಳು ಮತ್ತು ಯುಎಸ್‌ಬಿ ತಮ್ಮ ಪಾಲಿನ ಕೆಲವು ಮಿಲಿಸೆಕೆಂಡ್ ಸೇರಿಸುತ್ತವೆ.

ಎಷ್ಟು ತಡ ಆದ್ರೆ ತೊಂದರೆ? ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತೆ, ಅಂದ್ರೆ ಒಂದು ಮೀಟರಿಗೆ ಹೆಚ್ಚುಕಡಿಮೆ 3 ಮಿಲಿಸೆಕೆಂಡ್. ಕಛೇರಿಯಲ್ಲಿ ಮೃದಂಗದವರು ಗಾಯಕರಿಂದ ಎರಡು ಮೀಟರ್ ದೂರ ಕೂತರೆ ಅಲ್ಲೇ 6 ಮಿಲಿಸೆಕೆಂಡ್ ತಡ ಇದೆ, ಯಾರೂ ದೂರುವುದಿಲ್ಲ. ನಮ್ಮ ಇಂಟರ್‌ಫೇಸ್‌ನ ಒಟ್ಟು ತಡ 10 ಮಿಲಿಸೆಕೆಂಡಿನೊಳಗಿದ್ದರೆ ಮೃದಂಗದವರು ಮೂರು ಮೀಟರ್ ಆಚೆ ಕೂತ ಹಾಗೆ. 210 ಮಿಲಿಸೆಕೆಂಡ್ ಅಂದ್ರೆ? ಎಪ್ಪತ್ತು ಮೀಟರ್ ದೂರ. ಮೈದಾನದ ಆ ತುದಿಯಲ್ಲಿ ಮೃದಂಗ ಕೂರಿಸಿ ಈ ತುದಿಯಲ್ಲಿ ನನ್ನ ಗೆಳತಿಯಿಂದ ಹಾಡಿಸಿದ್ದೆ ನಾನು!

ಬಫರ್ ಚಿಕ್ಕದಾದಷ್ಟೂ ಕಂಪ್ಯೂಟರಿಗೆ ಓಡಾಟ ಜಾಸ್ತಿ. ತೀರಾ ಚಿಕ್ಕದು ಮಾಡಿದರೆ ಪಟಪಟ ಅಂತ ಸದ್ದು ಬರುತ್ತೆ, ಬಿಂದಿಗೆ ತುಳುಕಿತು ಅಂತ ಅರ್ಥ. ಹಾಡಿಸುವಾಗ 64 ಅಥವಾ 128, ಮಿಕ್ಸ್ ಮಾಡುವಾಗ 1024. ಇಷ್ಟೇ ಸೂತ್ರ.

ಹಾಡುವವರಿಗೆ ಇದಕ್ಕಿಂತ ಸುಲಭದ ದಾರಿ ಇದೆ: ಡೈರೆಕ್ಟ್ ಮಾನಿಟರಿಂಗ್. ಮೈಕಿನ ಧ್ವನಿ ಕಂಪ್ಯೂಟರಿಗೆ ಹೋಗುವ ಜೊತೆಗೇ ಪೆಟ್ಟಿಗೆಯ ಒಳಗಿನಿಂದಲೇ ಹೆಡ್‌ಫೋನಿಗೂ ಹೋಗುತ್ತೆ. ತಡ ಇಲ್ಲವೇ ಇಲ್ಲ ಅನ್ನಬಹುದು. ಚಿಕ್ಕ ಇಂಟರ್‌ಫೇಸ್‌ಗಳಲ್ಲಿ ಇದಕ್ಕೊಂದು ಸ್ವಿಚ್ಚೋ ತಿರುಗುಬಿರಡೆಯೋ ಇರುತ್ತೆ. ಅದನ್ನು ಹಾಕಿದ ಮೇಲೆ ಸಾಫ್ಟ್‌ವೇರ್‌ನಲ್ಲಿ ಆ ಟ್ರ್ಯಾಕಿನ ಮಾನಿಟರ್ ಬಟನ್ ಆಫ್ ಮಾಡಲು ಮರೆಯಬೇಡಿ, ಇಲ್ಲದಿದ್ದರೆ ನಿಮ್ಮ ಧ್ವನಿ ಎರಡೆರಡು ಸಲ ಕೇಳುತ್ತೆ. ಒಂದು ಕೊರತೆ ಅಂದ್ರೆ ಹಾಡುವಾಗ ಕಿವಿಗೆ ರಿವರ್ಬ್ ಸಿಗಲ್ಲ, ಒಣ ಧ್ವನಿ. ಕೆಲವರಿಗೆ ಇದು ಹಿಡಿಸಲ್ಲ, ನನ್ನ ಗೆಳತಿಗೆ ಇದೇ ಇಷ್ಟ: ಶ್ರುತಿ ಸರಿಯಾಗಿ ಕೇಳುತ್ತೆ ಅಂತಾಳೆ. ಎಲೆಕ್ಟ್ರಿಕ್ ಗಿಟಾರಿನವರಿಗೆ ಮಾತ್ರ ಈ ಉಪಾಯ ಆಗಲ್ಲ. ಅವರ ಡಿಸ್ಟಾರ್ಷನ್ ಇರೋದೇ ಸಾಫ್ಟ್‌ವೇರಿನೊಳಗೆ, ಧ್ವನಿ ಅಲ್ಲಿಗೆ ಹೋಗಿ ಬರಲೇಬೇಕು. ನೀವು ಗಿಟಾರಿನವರಾದರೆ ಕಡಿಮೆ ತಡಕ್ಕೆ ದುಡ್ಡು ಹಾಕಿ.

ಡ್ರೈವರ್ ಕಥೆ, ಅರವತ್ತು ಯೂರೋ ಪಾಠ

ಇನ್ನು ನಾನು ದುಡ್ಡು ಕಳೆದುಕೊಂಡದ್ದು. ಇಲ್ಲಿಯ ಸೆಕೆಂಡ್ ಹ್ಯಾಂಡ್ ತಾಣದಲ್ಲಿ ಅರವತ್ತು ಯೂರೋಗೆ ಒಂದು ಇಂಟರ್‌ಫೇಸ್ ಸಿಕ್ಕಿತು. ಲೋಹದ ಗಟ್ಟಿ ಪೆಟ್ಟಿಗೆ, ನಾಲ್ಕು ಇನ್‌ಪುಟ್, ಮುಂದೆ 192 ಅಂತ ದೊಡ್ಡ ಅಕ್ಷರ. ಚಳಿಯಲ್ಲಿ ಮೂರು ಟ್ರಾಮ್ ಬದಲಿಸಿ ಹೋಗಿ ತಂದೆ. ಮನೆಗೆ ಬಂದು ನೋಡಿದರೆ ನನ್ನ ವಿಂಡೋಸ್‌ಗೆ ಅದರ ಡ್ರೈವರೇ ಇಲ್ಲ. ಕಂಪನಿ ಆ ಮಾಡೆಲ್ ಕೈಬಿಟ್ಟು ವರ್ಷಗಳಾಗಿತ್ತು. ಖಾಸಗಿಯವರ ಹತ್ತಿರ ಕೊಂಡದ್ದು, ವಾಪಸ್ ಕೊಡೋಕೂ ಆಗಲ್ಲ. ಮೂರು ವಾರದ ಮೆನ್ಸಾ ಊಟದ ದುಡ್ಡು ಹೋಯ್ತು. ಈಗ ಅದು ನನ್ನ ಮೇಜಿನ ಮೇಲೆ ಪೇಪರ್ ಹಾರದ ಹಾಗೆ ಕಾಯುತ್ತಿದೆ.

ವಿಂಡೋಸ್‌ನವರು ಕೊಳ್ಳುವ ಮೊದಲು ನೋಡಬೇಕಾದ್ದು ಒಂದೇ: ಕಂಪನಿಯ ಸ್ವಂತ ಎಎಸ್‌ಐಒ ಡ್ರೈವರ್ ಇದೆಯೇ, ನಿಮ್ಮ ವಿಂಡೋಸ್ ಆವೃತ್ತಿಗೆ ಇದೆಯೇ? ಎಎಸ್‌ಐಒ ಅನ್ನೋದು ಹ್ಯಾಂಬರ್ಗ್‌ನ ಸ್ಟೈನ್‌ಬರ್ಗ್ ಕಂಪನಿ, ಅಂದ್ರೆ ಕ್ಯೂಬೇಸ್ ಮಾಡುವವರು, 1997ರಲ್ಲಿ ತಂದ ವ್ಯವಸ್ಥೆ. ವಿಂಡೋಸ್‌ನ ಸಾಮಾನ್ಯ ಸೌಂಡ್ ದಾರಿಯನ್ನು ಬಳಸದೆ ಸಂಗೀತದ ಸಾಫ್ಟ್‌ವೇರ್ ನೇರವಾಗಿ ಇಂಟರ್‌ಫೇಸ್ ಜೊತೆ ಮಾತಾಡುವಂತೆ ಮಾಡುತ್ತೆ. ಎಎಸ್‌ಐಒ4ಆಲ್ ಎಂಬ ಉಚಿತ ಡ್ರೈವರೂ ಇದೆ, ಕೈಯಲ್ಲಿ ಇರುವ ಸಾಧನದಿಂದ ಕೆಲಸ ತೆಗೆಯೋಕೆ ಒಳ್ಳೇದೇ. ಆದ್ರೆ ಅದನ್ನು ನಂಬಿಕೊಂಡು ಹೊಸದು ಕೊಳ್ಳಬೇಡಿ. ಮ್ಯಾಕ್‌ನಲ್ಲಿ ಕೋರ್ ಆಡಿಯೋ ಮೊದಲೇ ಇದೆ. ಲಿನಕ್ಸ್ ಪ್ರಿಯರು (ನಮ್ಮಲ್ಲಿ ಕಡಿಮೆ ಏನಿಲ್ಲ) ಕ್ಲಾಸ್ ಕಂಪ್ಲಯಂಟ್ ಅಂತ ಬರೆದಿರುವ ಮಾಡೆಲ್ ತಗೊಂಡರೆ ಡ್ರೈವರ್ ಹಾಕದೆಯೇ ನಡೆಯುತ್ತೆ. ಅಂಥದ್ದು ಐಪ್ಯಾಡ್‌ಗೂ ಆಗುತ್ತೆ.

ಸೆಕೆಂಡ್ ಹ್ಯಾಂಡ್ ತಪ್ಪು ಅಂತ ನಾನು ಹೇಳ್ತಿಲ್ಲ. ಹೋಗುವಾಗ ಲ್ಯಾಪ್‌ಟಾಪ್ ಒಯ್ಯಿರಿ, ಡ್ರೈವರ್ ಮೊದಲೇ ಹಾಕಿಕೊಂಡಿರಿ, ಎಲ್ಲ ಬಿರಡೆಗಳನ್ನೂ ತಿರುಗಿಸಿ ಕರಕರ ಅನ್ನುತ್ತಾ ನೋಡಿ, 48 ವೋಲ್ಟ್ ಬಟನ್ ಒತ್ತಿ ಕಂಡೆನ್ಸರ್ ಮೈಕ್ ಹಾಕಿ ಕೇಳಿ. ಫೈರ್‌ವೈರ್ ಅಂತ ಇದ್ದರೆ ಎಷ್ಟೇ ಅಗ್ಗವಾದರೂ ನಮಸ್ಕಾರ ಹೇಳಿ ಬನ್ನಿ, ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಪೋರ್ಟ್ ಬರೋದಿಲ್ಲ.

ಒಂದೇ ಹೊತ್ತಿಗೆ ಎಷ್ಟು ಧ್ವನಿ?

ಎಷ್ಟು ಇನ್‌ಪುಟ್ ಬೇಕು ಅಂತ ಲೆಕ್ಕ ಹಾಕುವಾಗ ಹಾಡಿನಲ್ಲಿ ಎಷ್ಟು ವಾದ್ಯ ಇವೆ ಅಂತ ಎಣಿಸಬೇಡಿ. ಒಂದೇ ಹೊತ್ತಿಗೆ ಎಷ್ಟು ಧ್ವನಿ ಒಳಗೆ ಬರಬೇಕು ಅಂತ ಎಣಿಸಿ. ಮೊದಲು ಹಾಡು, ಆಮೇಲೆ ಪಿಟೀಲು, ಆಮೇಲೆ ಖಂಜಿರ ಅಂತ ಒಂದೊಂದಾಗಿ ಹಾಕುವುದಾದರೆ ಒಂದು ಮೈಕ್ ಇನ್‌ಪುಟ್ ಸಾಕು, ಎರಡಿದ್ದರೆ ರಾಜಯೋಗ. ಆದರೆ ನಮ್ಮ ಸಂಗೀತದಲ್ಲಿ ಒಂದು ತೊಡಕಿದೆ. ಹಾಡುವವರು, ಮೃದಂಗದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸಿದರೇ ಚೆಂದ. ಮನೋಧರ್ಮದ ಸ್ವರಪ್ರಸ್ತಾರವನ್ನು ಕ್ಲಿಕ್ ಟ್ರ್ಯಾಕಿಗೆ ಹಾಡಿಸಿದರೆ ಜೀವ ಹೋಗುತ್ತೆ. ಅಂಥ ರೆಕಾರ್ಡಿಂಗ್ ನಿಮ್ಮ ಆಸೆಯಾದರೆ ಗಾಯನಕ್ಕೊಂದು, ಪಿಟೀಲಿಗೊಂದು, ಮೃದಂಗದ ಎರಡು ಬದಿಗೆ ಎರಡು, ಒಟ್ಟು ನಾಲ್ಕು ಮೈಕ್ ಪ್ರೀಆಂಪ್ ಬೇಕು. ಪೆಟ್ಟಿಗೆ ಮೇಲೆ ನಾಲ್ಕು ಇನ್ ಅಂತ ಇದ್ದರೂ ಅದರಲ್ಲಿ ಎರಡು ಮಾತ್ರ ಮೈಕಿಗೆ, ಉಳಿದೆರಡು ಲೈನ್‌ಗೆ ಇರಬಹುದು. ಹಿಂಬದಿಯ ಫೋಟೋ ನೋಡಿ, ಮೂರು ತೂತಿನ ಎಕ್ಸ್‌ಎಲ್‌ಆರ್ ಸಾಕೆಟ್ ಎಷ್ಟಿವೆ ಅಂತ ಎಣಿಸಿ.

ಪಿಟೀಲಿಗೋ ವೀಣೆಗೋ ಪಿಯೆಜೋ ಪಿಕಪ್ ಅಂಟಿಸಿಕೊಂಡವರು ಇನ್‌ಸ್ಟ್ರುಮೆಂಟ್ ಅಥವಾ ಹೈ ಝಡ್ ಎಂಬ ಇನ್‌ಪುಟ್ ಇರುವುದನ್ನೇ ಆರಿಸಿ. ಅದರ ಪ್ರತಿರೋಧ ಸುಮಾರು ಒಂದು ಮೆಗಾ ಓಮ್, ಲೈನ್ ಇನ್‌ಪುಟ್‌ನದು ಹತ್ತಾರು ಕಿಲೋ ಓಮ್ ಅಷ್ಟೇ. ಪಿಯೆಜೋ ಒಂದು ಪುಟ್ಟ ಕೆಪಾಸಿಟರ್ ಇದ್ದ ಹಾಗೆ. ಕಡಿಮೆ ಪ್ರತಿರೋಧಕ್ಕೆ ಜೋಡಿಸಿದರೆ ಎರಡೂ ಸೇರಿ ಹೈ ಪಾಸ್ ಫಿಲ್ಟರ್ ಆಗಿ ಮಂದ್ರಸ್ಥಾಯಿಯನ್ನೇ ತಿಂದುಹಾಕುತ್ತವೆ. ವೀಣೆ ತಗಡಿನ ಡಬ್ಬದಂತೆ ಕೇಳಿದರೆ ವೀಣೆಯನ್ನು ಬೈಯಬೇಡಿ.

ಕಂಡೆನ್ಸರ್ ಮೈಕಿಗೆ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಈ 48 ಯಾಕೆ ಅನ್ನೋದಕ್ಕೆ ಒಂದು ಸ್ವಾರಸ್ಯ ಇದೆ. 1966ರಲ್ಲಿ ಬರ್ಲಿನ್‌ನ ನಾಯ್‌ಮನ್ ಕಂಪನಿ ನಾರ್ವೆಯ ರೇಡಿಯೋ ಸಂಸ್ಥೆಗೆ ಮೈಕ್ ಮಾಡಿಕೊಡುವಾಗ, ಅಲ್ಲಿನ ಸ್ಟುಡಿಯೋಗಳಲ್ಲಿ ತುರ್ತು ದೀಪಗಳಿಗೆ ಅಂತ 48 ವೋಲ್ಟ್ ಮೊದಲೇ ಇತ್ತು. ಅದನ್ನೇ ಬಳಸಿಕೊಂಡರು, ಅದೇ ಜಗತ್ತಿನ ರೂಢಿಯಾಯ್ತು. ಶೂರ್ ಎಸ್‌ಎಂ58 ತರಹದ ಡೈನಮಿಕ್ ಮೈಕಿಗೆ ಇದು ಬೇಡ, ಆದ್ರೆ ಅದಕ್ಕೆ ಗೇನ್ ಜಾಸ್ತಿ ಬೇಕು. ಗಟ್ಟಿ ಸೋಫಾ, ಕಾರ್ಪೆಟ್ ಏನೂ ಇಲ್ಲದ ನಮ್ಮ ಹಾಸ್ಟೆಲ್ ಕೋಣೆಗಳಲ್ಲಿ ಕಂಡೆನ್ಸರ್ ಮೈಕ್ ಪಕ್ಕದ ಅಡಿಗೆಮನೆಯ ಕುಕ್ಕರ್ ಸೀಟಿಯನ್ನೂ ಹಿಡಿಯುತ್ತೆ. ಅದಕ್ಕೇ ನಾನು ಡೈನಮಿಕ್ ಪಕ್ಷ. ಮೆಲ್ಲಗೆ ಹಾಡುವವರು ಡೈನಮಿಕ್ ಮೈಕ್ ಬಳಸುವುದಾದರೆ ಪ್ರೀಆಂಪ್ ಗೇನ್ ಎಷ್ಟು ಡೆಸಿಬೆಲ್ ಅಂತ ನೋಡಲೇಬೇಕು. ಒಂದೇ ಮನೆತನದಲ್ಲೂ ವ್ಯತ್ಯಾಸ ಇರುತ್ತೆ: ಫೋಕಸ್‌ರೈಟ್ ಸ್ಕಾರ್ಲೆಟ್‌ನ ನಾಲ್ಕನೇ ಪೀಳಿಗೆಯಲ್ಲಿ 2ಐ2 ಮಾಡೆಲಿಗೆ 69 ಡೆಸಿಬೆಲ್, ಚಿಕ್ಕ ಸೋಲೋಗೆ 57.

ಪೆಟ್ಟಿಗೆ ಮೇಲಿನ ದೊಡ್ಡ ಅಂಕಿ

192 ಕಿಲೋಹರ್ಟ್ಜ್ ನೋಡಿ ಮರುಳಾದವನು ನಾನು, ಅದಕ್ಕೇ ಹೇಳ್ತೀನಿ. ಮನುಷ್ಯನ ಕಿವಿ ಹೆಚ್ಚೆಂದರೆ 20 ಕಿಲೋಹರ್ಟ್ಜ್‌ವರೆಗೆ ಕೇಳುತ್ತೆ. ನೈಕ್ವಿಸ್ಟ್ ಪ್ರಕಾರ ಅದರ ಎರಡರಷ್ಟಕ್ಕಿಂತ ಸ್ವಲ್ಪ ಹೆಚ್ಚು ಸಾಕು, ಸಿಡಿಗೆ 44.1 ಇಟ್ಟಿದ್ದೂ ಅದಕ್ಕೇ, ವಿಡಿಯೋಗೆ 48. 24 ಬಿಟ್‌ನಲ್ಲಿ 48 ದರದ ಒಂದು ಟ್ರ್ಯಾಕ್ ನಿಮಿಷಕ್ಕೆ ಸುಮಾರು 8.6 ಮೆಗಾಬೈಟ್. 192ರಲ್ಲಿ ಅದೇ ಹಾಡು 34.6. ಡಿಸ್ಕ್ ತುಂಬುತ್ತೆ, ಹಾಡು ಬದಲಾಗಲ್ಲ. 24 ಬಿಟ್ ಮಾತ್ರ ನಿಜವಾಗಿ ಉಪಯೋಗ. ಜೋರಾದ ಭಾಗವೂ ಮೈನಸ್ 12 ಡೆಸಿಬೆಲ್ ಹತ್ತಿರ ನಿಲ್ಲುವ ಹಾಗೆ ಗೇನ್ ಕಡಿಮೆ ಇಟ್ಟುಕೊಂಡರೂ ಗದ್ದಲ ಮೇಲೇಳಲ್ಲ. ತಾರಸ್ಥಾಯಿಯಲ್ಲಿ ಕೆಂಪು ದೀಪ ಹತ್ತುವ ಹೆದರಿಕೆ ಇರಲ್ಲ. ಈಗ ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ಇಂಟರ್‌ಫೇಸ್‌ಗಳಲ್ಲಿ 24 ಬಿಟ್ ಇರುತ್ತೆ, ಆದ್ರೂ ನೋಡಿಕೊಂಡು ಕೊಳ್ಳಿ.

ಹಾಗಾದ್ರೆ ಯಾವುದು ತಗೊಳ್ಳೋದು ಅಂತೀರಾ? ಒಬ್ಬರೇ, ಒಂದೊಂದಾಗಿ ಹಾಡು ಕಟ್ಟುವವರಿಗೆ ಸ್ಕಾರ್ಲೆಟ್ 2ಐ2, ಮೋಟು ಎಂ2, ಆಡಿಯೆಂಟ್ ಐಡಿ4 ಇವುಗಳಲ್ಲಿ ಯಾವುದಾದರೂ ಧಾರಾಳವಾಗಿ ಸಾಕು. ಇವುಗಳ ನಡುವೆ ಧ್ವನಿಯ ವ್ಯತ್ಯಾಸ ಹುಡುಕುತ್ತಾ ರಾತ್ರಿ ಕಳೆಯಬೇಡಿ, ನಿಮ್ಮ ಕೋಣೆಯ ಗೋಡೆ ಅದಕ್ಕಿಂತ ಹೆಚ್ಚು ಕೆಡಿಸುತ್ತೆ. ಎಂ2ನಲ್ಲಿ ಮಿಡಿ ಸಾಕೆಟ್ ಇದೆ, ಮೀಟರ್ ಪರದೆ ಇದೆ. ಐಡಿ4ನಲ್ಲಿ ಮೈಕ್ ಇನ್‌ಪುಟ್ ಒಂದೇ. ಕೈ ಬಿಗಿ ಇದ್ದರೆ ಬೆಹ್ರಿಂಗರ್ ಯುಎಂಸಿ202ಎಚ್‌ಡಿ, ಬೆಲೆಗೆ ಮೋಸ ಇಲ್ಲ. ಇನ್ನೊಂದು ತುದಿಯಲ್ಲಿ ಮ್ಯೂನಿಕ್ ಬಳಿಯ ಹೈಮ್‌ಹೌಸನ್‌ನ ಆರ್‌ಎಂಇ ಇದೆ. ಡ್ರೈವರ್ ವಿಷಯದಲ್ಲಿ ಅವರಿಗೆ ಒಳ್ಳೆ ಹೆಸರು, ಹಳೇ ಮಾಡೆಲ್‌ಗಳನ್ನೂ ಬೇಗ ಕೈಬಿಡಲ್ಲ. ಬೆಲೆ ಮಾತ್ರ ಹಲವು ನೂರು ಯೂರೋ. ಅದು ಕೆಲಸ ಸಿಕ್ಕ ಮೇಲಿನ ಕನಸು.

ಆನ್‌ಲೈನ್ ಪಾಠ ಕಲಿಯುವವರು, ಕಲಿಸುವವರು ಲೂಪ್‌ಬ್ಯಾಕ್ ಇದೆಯೇ ನೋಡಿ. ಅದಿದ್ದರೆ ನಿಮ್ಮ ಧ್ವನಿಯ ಜೊತೆಗೆ ಕಂಪ್ಯೂಟರಿನ ತಂಬೂರಿಯೂ ಆ ಕಡೆಯವರಿಗೆ ಕೇಳುತ್ತೆ. ಆದರೆ ಊರಿಗೂ ಇಲ್ಲಿಗೂ ನಡುವೆ ಇಂಟರ್ನೆಟ್‌ನಲ್ಲಿ ಆಗುವ ತಡವನ್ನು ಯಾವ ಇಂಟರ್‌ಫೇಸೂ ಕಳೆಯಲಾರದು. ಗುರುಗಳ ಜೊತೆ ಒಟ್ಟಿಗೆ ತಾಳ ಹಾಕುವ ಆಸೆ ಬಿಟ್ಟು, ಅವರು ಹಾಡಿದ ಮೇಲೆ ನೀವು ಹಾಡಿ.

ಮನೆಗೆ ತಂದ ದಿನ

ಇಲ್ಲಿ ಆನ್‌ಲೈನ್‌ನಲ್ಲಿ ಅಂಗಡಿಯವರಿಂದ ಕೊಂಡದ್ದಕ್ಕೆ ಹದಿನಾಲ್ಕು ದಿನದೊಳಗೆ ಹಿಂದಿರುಗಿಸುವ ಹಕ್ಕಿದೆ. ದೊಡ್ಡ ಸಂಗೀತದ ಅಂಗಡಿ ಥೋಮಾನ್ 30 ದಿನ ಕೊಡುತ್ತೆ. ಆ ದಿನಗಳನ್ನು ಸುಮ್ಮನೆ ಕಳೆಯಬೇಡಿ. ಬಂದ ದಿನವೇ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ಕೇಬಲ್ ಹಾಕಿ, ಡೈರೆಕ್ಟ್ ಮಾನಿಟರಿಂಗ್ ಆಫ್ ಮಾಡಿ, ಕ್ಲಿಕ್ ಪ್ಲೇ ಮಾಡಿ ರೆಕಾರ್ಡ್ ಮಾಡಿ. ರೀಪರ್ ಸಾಕು, ಅರವತ್ತು ದಿನ ಪುಕ್ಕಟೆ ನೋಡಬಹುದು. ಸಾಫ್ಟ್‌ವೇರ್ ತಾನೇ ತಡವನ್ನು ಸರಿಪಡಿಸಿ ಇಡಲು ನೋಡುತ್ತೆ, ಹಾಗಾಗಿ ಎರಡು ಕ್ಲಿಕ್ ಒಂದರ ಮೇಲೊಂದು ಕೂರಬೇಕು. ಹತ್ತಿಪ್ಪತ್ತು ಸ್ಯಾಂಪಲ್ ಆಚೀಚೆ ಆದರೆ ಚಿಂತೆ ಇಲ್ಲ. ನೂರಾರು ಸ್ಯಾಂಪಲ್ ಅಂತರ ಇದ್ದರೆ ಡ್ರೈವರ್ ಸುಳ್ಳು ಹೇಳುತ್ತಿದೆ. ಸೆಟ್ಟಿಂಗ್‌ನಲ್ಲಿ ಅಷ್ಟು ಸ್ಯಾಂಪಲ್ ಕೈಯಾರೆ ಕೂಡಿಸಿ ಸರಿಮಾಡಿ, ಆಗದಿದ್ದರೆ ವಾಪಸ್ ಕಳಿಸಿ. ಗುಂಯ್ ಅಂತ ಸದ್ದು ಬಂದರೆ ಮೊದಲು ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಕೇಳಿ. ನಿಂತುಹೋದರೆ ತಪ್ಪು ಇಂಟರ್‌ಫೇಸಿನದ್ದಲ್ಲ, ಚಾರ್ಜರಿನದ್ದು.

ನಮ್ಮ ಹಾಡು ನವೆಂಬರ್ ಕೊನೆಗೆ ಮುಗೀತು. ತಂತಿಯ ಹೆಡ್‌ಫೋನ್ ಹಾಕಿಕೊಂಡು ಅವಳು ಎರಡನೇ ಟೇಕ್‌ನಲ್ಲೇ ಹಾಡಿ ಮುಗಿಸಿದಳು. ಮುಗಿಸಿ, "ನಿನ್ ಹಳೇ ಹೆಡ್‌ಫೋನ್ ಎಲ್ಲೋ, ಕೊಡು ಇಲ್ಲಿ, ಕಿಟಕಿಯಿಂದ ಎಸೀತೀನಿ" ಅಂದಳು. ಕೊಡಲಿಲ್ಲ, ಸಿನಿಮಾ ನೋಡೋಕೆ ಬೇಕಲ್ಲ.

ಆ ಇಂಟರ್‌ಫೇಸ್ ಈಗ ಸಂಘದ ಕಪಾಟಿನಲ್ಲಿದೆ, ಒಂದು ಡೈನಮಿಕ್ ಮೈಕ್, ಎರಡು ಎಕ್ಸ್‌ಎಲ್‌ಆರ್ ಕೇಬಲ್ ಸಮೇತ. ಕೊಳ್ಳುವ ಮೊದಲು ಒಂದು ವಾರ ಒಯ್ದು ಬಳಸಿ ನೋಡಬೇಕು ಅನ್ನುವವರು ಪುಸ್ತಕದಲ್ಲಿ ಹೆಸರು ಬರೆದು ತಗೊಂಡು ಹೋಗಿ. ಹೆಡ್‌ಫೋನ್ ನಿಮ್ಮದೇ ತನ್ನಿ, ತಂತಿಯದ್ದು. ಜೊತೆಗೆ 6.35 ಮಿಲಿಮೀಟರ್‌ನ ದಪ್ಪ ಪಿನ್ ಅಡಾಪ್ಟರ್ ಕೂಡ, ಸಂಘದ್ದು ಯಾರೋ ಒಯ್ದವರು ಇನ್ನೂ ವಾಪಸ್ ಕೊಟ್ಟಿಲ್ಲ.